ಕೆಂದನ ಎರಡನೇ ಎಗರು

ಇದು ನಡೆದದ್ದು ಹೋದ ಬೇಸಿಗೆಯಲ್ಲಿ, ಎರಡು ಹುಣ್ಣಿಮೆಗಳ ನಡುವೆ.

ಮಕ್ಕಳೇ, ಒಂದು ಕುರುಚಲು ಕಾಡಿನಲ್ಲಿ ಕೊಳವಿತ್ತು. ನೀರು ಇಳಿದಾಗ ಮೊದಲು ಕುಡಿಯುವವರು ಯಾರೆಂದು ಅಲ್ಲಿ ದನಗಳೂ ಮುಸುವ ಎಂಬ ಕರಿಮೂತಿಯ ಕೋತಿಗಳೂ ಪ್ರತಿ ಹುಣ್ಣಿಮೆಗೆ ಪಂದ್ಯ ಕಟ್ಟುತ್ತಿದ್ದವು. ಒಂದು ಮುಸುವ ಹೋರಿಯ ಬೆನ್ನೇರಬೇಕು. ಕಾಗೆ ಹತ್ತು ಎಣಿಸುವುದರೊಳಗೆ ಹೋರಿ ಅದನ್ನು ಕೆಡವಿದರೆ ದನಗಳಿಗೆ ಮೊದಲ ಸರದಿ. ಇಲ್ಲವಾದರೆ ಮುಸುವಗಳಿಗೆ. ಅವು ಕುಣಿದು ಕಲಕಿದ ಮೇಲೆ ಉಳಿಯುವುದು ಬರೀ ಕೆಸರು.

ಆ ಸಲ ದನಗಳ ಕಡೆಯಿಂದ ಕೆಂದ ಎಂಬ ಎಳೆಹೋರಿ ನಿಂತ. ಅವನನ್ನು ತಯಾರು ಮಾಡುವ ಹೊಣೆ ಬೋಳಕ್ಕ ಎಂಬ ಮುದಿ ಎಮ್ಮೆಯದು.

ಅಭ್ಯಾಸಕ್ಕೆ ಕೆಂದ ಗೆಳೆಯ ಮೊಲವನ್ನು ಬೆನ್ನ ಮೇಲೆ ಕೂರಿಸಿಕೊಂಡ. ಒಮ್ಮೆ ಹಿಂಗಾಲು ಝಾಡಿಸಿದರೆ ಸಾಕು, ಮೊಲ ಹುಲ್ಲಿಗೆ ಹಾರಿ, "ಅಬ್ಬಬ್ಬಾ, ಸೊಂಟ ಹೋಯ್ತು!" ಎನ್ನುತ್ತಿತ್ತು. ಕೆಂದ ನಿಂತು ಬಾಲ ಬೀಸುತ್ತಿದ್ದ.

"ಅದು ಬೀಳುತ್ತಿಲ್ಲ ಕಣೋ, ತಾನಾಗಿಯೇ ಇಳಿಯುತ್ತಿದೆ," ಎಂದಳು ಬೋಳಕ್ಕ. "ಒಂದು ಸಲ ಎಗರಿ ನಿಲ್ಲುವುದೇ ನಿನಗೆ ರೂಢಿಯಾಗುತ್ತಿದೆ. ಬಂಡೆಗೆ ಅಂಟಿದರೆ ಆನೆ ಎಳೆದರೂ ಬರದ ಉಡ ಇದೆಯಲ್ಲ, ಅದನ್ನು ಕೂರಿಸಿಕೋ."

"ಉಡ ಪರಚುತ್ತೆ ಅಕ್ಕ. ನನ್ನ ಒಂದು ಎಗರಿಗೇ ಮೊಲದ ಗತಿ ನೋಡು!"

ಹುಣ್ಣಿಮೆ ಬಂತು. ಮುಸುವ ಹತ್ತಿತು. ಕೆಂದ ಜೋರಾಗಿ ಎಗರಿದ. ಆಮೇಲೆ ರೂಢಿಯಂತೆ ನಿಂತು ಬಾಲ ಬೀಸಿದ. ಬೆನ್ನ ಮೇಲಿನ ಭಾರ ಹಾಗೇ ಇತ್ತು.

"ಯಾಕಪ್ಪ ಪೈಲ್ವಾನ, ಮುಗೀತಾ?" ಮುಸುವ ಅವನ ಕಿವಿ ಹಿಂಡಿತು. "ನಾನಿನ್ನೂ ಸರಿಯಾಗಿ ಕೂತೇ ಇಲ್ಲ!"

ಮುಂದೇನು ಮಾಡಬೇಕೆಂದು ಕೆಂದನಿಗೆ ಹೊಳೆಯುವಷ್ಟರಲ್ಲಿ ಕಾಗೆ ಹತ್ತು ಎಣಿಸಿತ್ತು.

ದನಗಳು ಕೆಸರುನೀರು ಕುಡಿದವು. ಕರುಗಳು ಹೊಟ್ಟೆನೋವಿನಿಂದ ಮಲಗಿದವು. ಕೆಂದ ಅವುಗಳನ್ನು ನೋಡಿ ನೇರವಾಗಿ ಉಡದ ಬಿಲಕ್ಕೆ ಹೋದ.

"ಉಡಣ್ಣ, ನನ್ನ ಬೆನ್ನೇರು. ನಾನು ಬೇಡಿಕೊಂಡರೂ ಬಿಡಬೇಡ."

"ಬಿಡುವುದು ನಮ್ಮ ಮನೆತನದಲ್ಲೇ ಇಲ್ಲ," ಎಂದಿತು ಉಡ.

ಕೆಂದ ಎಗರಿದ. ಉಡ ಕದಲಲಿಲ್ಲ. ಮತ್ತೆ ಎಗರಿ ಎಡಕ್ಕೆ ತಿರುಗಿದ; ಉಗುರು ಇನ್ನೂ ಆಳಕ್ಕಿಳಿಯಿತು.

"ನಿಲ್ಲಬೇಡ," ಎಂದಳು ಬೋಳಕ್ಕ. "ಬೆನ್ನು ಹಗುರಾಗುವ ತನಕ ಕೆಲಸ ಮುಗಿದಿಲ್ಲ."

ಸಂಜೆಯಾದರೂ ಉಡ ಬೀಳಲಿಲ್ಲ. ಚರ್ಮ ಕಿತ್ತಲ್ಲಿ ಮಣ್ಣು ಮೆತ್ತಿಕೊಂಡು ಕೆಂದ ಮರುದಿನ ಮತ್ತೆ ಬಂದ. ಅದರ ಮರುದಿನವೂ ಬಂದ. ಹೀಗೇ ಒಂದು ಬೆಳಿಗ್ಗೆ, ಎಡಕ್ಕೆ ತಿರುಗುತ್ತಲೇ ಬಲಕ್ಕೆ ಮೈ ಒದರಿದಾಗ ಉಡದ ಹಿಡಿತ ಕಳಚಿತು.

ಮುಂದಿನ ಹುಣ್ಣಿಮೆಗೆ ಅದೇ ಮುಸುವ ಹತ್ತಿ ಕಾಲು ಚಾಚಿ ಕುಳಿತಿತು. "ಎಗರಪ್ಪ, ಒಂದೇ ಸಲ ತಾನೆ!"

ಮೊದಲ ಎಗರಿಗೆ ಅದು ನಕ್ಕಿತು. ಎರಡನೆಯದು ಬರುತ್ತದೆಂದು ಅದು ಎಣಿಸಿರಲಿಲ್ಲ. ಗಾಬರಿಯಿಂದ ಕೆಂದನ ಕುತ್ತಿಗೆ ತಬ್ಬಿತು. ಮೂರನೆಯದು ಎಡಕ್ಕೆ ಶುರುವಾಗಿ ಬಲಕ್ಕೆ ಮುಗಿಯಿತು. ಮುಸುವ ನೆಲದ ಮೇಲಿತ್ತು.

ಕಾಗೆ ಎಣಿಸಿದ್ದು ಆರು.

ನೀತಿ: ಬೇಕೆಂದೇ ಸೋಲುವ ಗೆಳೆಯನ ಜೊತೆ ಮಾಡಿದ ಅಭ್ಯಾಸ ಪಂದ್ಯದ ದಿನ ಕೈಕೊಡುತ್ತದೆ.