ಗೀಜುಗನ ಸೊಟ್ಟ ಬಾಗಿಲು

ಬಾವಿಯ ಮೇಲೆ ಬಾಗಿದ ಜಾಲಿಮರದಲ್ಲಿ ಹೆಂಡತಿ ಸತ್ತ ಮುದಿ ಗೀಜುಗನೊಬ್ಬ ಗೂಡು ನೇಯುತ್ತಿದ್ದ. ಅವನ ಗೂಡಿನ ಬಾಗಿಲು ಎಡಕ್ಕೆ ಸೊಟ್ಟ. ಹಾವಿಗೆ ದಾರಿ ತಪ್ಪಲೆಂದೇ ಹಾಗೆ ಮಾಡಿದ್ದೇನೆ ಎಂದು ಮರಕ್ಕೆಲ್ಲ ಹೇಳಿಕೊಂಡಿದ್ದ. ಒಂದು ದಿನ ನೋಡಿದರೆ, ಪಕ್ಕದ ಕೊಂಬೆಯ ಎಳೆ ಗೀಜುಗನ ಗೂಡಿಗೂ ಅದೇ ಸೊಟ್ಟ ಬಾಗಿಲು.

“ಕಳ್ಳ ನನ್ಮಗನೆ! ಅದು ನನ್ನ ತಲೆಯಲ್ಲಿ ಹುಟ್ಟಿದ್ದು!”

“ತಪ್ಪಾಯ್ತು ಮಾವ. ನಿನ್ನ ತಲೆಗೆ ಅದು ಹೇಗೆ ಹೊಳೀತು?”

ಮುದುಕ ತನ್ನ ಬಾಗಿಲಿನತ್ತ ತಿರುಗಿದ. ಹರೆಯದಲ್ಲಿ ಅವನು ಬಾಗಿಲನ್ನು ನೆಟ್ಟಗೇ ನೇಯ್ದಿದ್ದ. ಗೂಡು ನೋಡಲು ಬಂದ ಹೆಂಡತಿ, ಗಂಟು ಸಡಿಲವೆಂದು ಬೈದು ಜಗ್ಗಿದ್ದಳು. ಬಾಗಿಲು ಸೊಟ್ಟಗಾಗಿತ್ತು. ಅಲ್ಲಿಂದೀಚೆಗೆ ಅದನ್ನೇ ನೇಯುತ್ತ ಮೆರೆದಿದ್ದ.

“ನಾನೂ ಕದ್ದೋನೇ ಕಣೋ,” ಎಂದ.

ಆಮೇಲೆ ಎಳೆಯನ ಬಾಗಿಲಿಗೆ ಕೊಕ್ಕು ಹಾಕಿ ಜಗ್ಗಿದ.

“ಗಂಟು ಸಡಿಲ. ಅವಳು ಒಪ್ತಿರಲಿಲ್ಲ.”