ಕಾಶವ್ವ ಅಲುಗಿದ ಫೋಟೋ

“ಗುರುಗಳೇ, ಫೋಟೋ ತಿದ್ದಲು ಯಾವ ಸಾಫ್ಟ್‌ವೇರ್ ಕೊಳ್ಳಲಿ?” ಎಂದು ಶಿಷ್ಯನೊಬ್ಬ ಕೇಳಿದ.

ಶಿಷ್ಯನಿಗೆ ಛಾಯಾಗ್ರಹಣ ಹೊಟ್ಟೆಪಾಡಲ್ಲ, ಹವ್ಯಾಸ. ಹವ್ಯಾಸವೆಂದು ಅದನ್ನು ಹಗುರವಾಗಿ ಕಂಡವನೂ ಅಲ್ಲ. ಬೆಳಕಿಗಾಗಿ ಕಾಯುವುದನ್ನು ಕಲಿತಿದ್ದ. ತಂತ್ರಾಂಶದ ವಿಷಯದಲ್ಲಿ ಮಾತ್ರ ಅವನಿಗೆ ನಿಲುಗಡೆ ಇರಲಿಲ್ಲ. ಒಂದನ್ನು ಹಾಕಿಕೊಂಡು ನೋಡುವನು. ಇನ್ನೊಂದು ಮೇಲೆಂದು ಯಾರಾದರೂ ಹೇಳಿದರೆ ಮೊದಲನೆಯದನ್ನು ಬಿಡುವನು. ಮಳೆಗಾಲದಲ್ಲಿ ತೆಗೆದ ಚಿತ್ರಗಳು ಬೇಸಿಗೆ ಬಂದರೂ ಮುಗಿದಿರಲಿಲ್ಲ.

“ಒಂದು ಬಣ್ಣ ಚೆನ್ನಾಗಿ ಕೊಡುತ್ತದೆ. ಇನ್ನೊಂದು ಕಲೆ ಅಳಿಸುತ್ತದೆ. ಈಗ ಬಂದಿರುವುದಂತೂ ಅಲುಗಿದ ಮುಖವನ್ನೂ ಸ್ಪಷ್ಟ ಮಾಡಿಬಿಡುತ್ತದಂತೆ. ನೀವು ಒಂದು ಹೆಸರು ಹೇಳಿಬಿಡಿ, ಸಾಕು.”

ಗುರು ಹೆಸರು ಹೇಳಲಿಲ್ಲ.

“ಮೊದಲು ನಿಯಮ ಕೇಳು,” ಎಂದರು. “ತಿದ್ದಬಹುದು, ಬರೆಯಬಾರದು. ನಾನು ಈಗ ಹೇಳುವ ಕತೆಯಲ್ಲಿ ಈ ನಿಯಮವನ್ನು ಮುರಿಯದ ಫೋಟೋಗ್ರಾಫರ್ ಒಬ್ಬನೂ ಇಲ್ಲ.”

ಆಮೇಲೆ ಕತೆ ಹೇಳಿದರು.

ಒಂದು ಊರಿನಲ್ಲಿ ನಾಲ್ವರು ಗೆಳೆಯರಿದ್ದರು. ಒಬ್ಬ ವ್ಯಾಪಾರಿ, ಒಬ್ಬ ಎಂಜಿನಿಯರ್, ಒಬ್ಬ ವಕೀಲ, ಒಬ್ಬ ಪಶುವೈದ್ಯ. ನಾಲ್ವರೂ ಒಂದೇ ಉಚಿತ ವಿದ್ಯಾರ್ಥಿನಿಲಯದಲ್ಲಿ ಉಂಡು ಓದಿದವರು. ನಾಲ್ವರಿಗೂ ಫೋಟೋ ಹುಚ್ಚು. ರಜೆ ಬಂದರೆ ಕ್ಯಾಮೆರಾ ಹಿಡಿದು ಒಟ್ಟಿಗೆ ಹೊರಡುವರು. ತೆಗೆದದ್ದನ್ನು ಒಬ್ಬರಿಗೊಬ್ಬರು ತೋರಿಸಿ ಜಗಳವಾಡುವರು. ಜಗಳ ಹೆಚ್ಚಾದಾಗ ತಮಗೆ ತಾವೇ ಆ ನಿಯಮ ಹಾಕಿಕೊಂಡರು.

ಬಾಲ್ಯದಲ್ಲಿ ಅವರು ಮರಳಿನ ಮೇಲೆ ಅಕ್ಷರ ತಿದ್ದಿದವರು. ಮೇಷ್ಟ್ರು ಬರೆದುಕೊಟ್ಟ ಅಕ್ಷರದ ಮೇಲೆಯೇ ಬೆರಳು ಓಡಿಸಬೇಕು. ಗೆರೆ ಬಿಟ್ಟು ಹೋದರೆ ಅದು ತಿದ್ದಿದಂತಲ್ಲ. ಫೋಟೋಗೂ ಅದೇ ಸರಿ ಎಂದುಕೊಂಡರು. ಬೆಳಕು ಬರೆದುಕೊಟ್ಟದ್ದನ್ನು ತಿದ್ದಬಹುದು. ತಾವೇ ಬರೆಯುವುದಾದರೆ ಕ್ಯಾಮೆರಾ ಯಾಕೆ, ಕುಂಚ ಸಾಕು.

ನಿಯಮ ಚೆನ್ನಾಗಿತ್ತು. ಪಾಲಿಸಿದವರಿಲ್ಲ. ವ್ಯಾಪಾರಿ ಬೆಟ್ಟದ ಮುಂದಿನ ವಿದ್ಯುತ್ ಕಂಬ ಕಿತ್ತ. ಎಂಜಿನಿಯರ್ ಬರಿ ಆಕಾಶಕ್ಕೆ ಮೋಡ ತಂದ. ವಕೀಲ ಹಕ್ಕಿಯನ್ನು ಬೇರೆ ಕೊಂಬೆಯ ಮೇಲೆ ಕೂರಿಸಿದ. ಪಶುವೈದ್ಯ ಒಂದು ಎಮ್ಮೆಯ ಹಿಂದೆ ಚಂದ್ರನನ್ನು ಇಟ್ಟ. ಚಂದ್ರ ಎಮ್ಮೆಗಿಂತ ದೊಡ್ಡವನಾಗಿದ್ದ. ಅದಕ್ಕೆ ಬಹುಮಾನವೂ ಬಂತು.

ಹೀಗಿರುವಾಗ ನಿಲಯದ ಊಟದ ಮನೆಯನ್ನು ಹೊಸದಾಗಿ ಕಟ್ಟಿಸಿದರು. ಹಳೆಯದರಲ್ಲಿ ಜೀವಮಾನವಿಡೀ ಅಡುಗೆ ಮಾಡಿ ಬಡಿಸಿದವಳು ಕಾಶವ್ವ. ಅವಳು ತೀರಿಹೋಗಿದ್ದಳು. ಹೊಸ ಗೋಡೆಯ ಮೇಲೆ ಅವಳ ಫೋಟೋ ಇರಬೇಕೆಂದು ಹಳೆಯ ವಿದ್ಯಾರ್ಥಿಗಳೆಲ್ಲ ಒಪ್ಪಿದರು. ಉಂಡ ಋಣದ ಕೆಲಸ. ನಾಲ್ವರೂ ಮುಂದೆ ಬಂದರು.

ಹುಡುಕಿದರೆ ಸಿಕ್ಕಿದ್ದು ಒಂದೇ ಫೋಟೋ. ಊಟದ ಪಂಕ್ತಿಯದು. ಒಳಗೆ ಬೆಳಕು ಕಡಿಮೆ ಇತ್ತು. ಸ್ಟುಡಿಯೋದವನು ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ಇಟ್ಟು, ಯಾರೂ ಅಲುಗಬೇಡಿ ಎಂದಿದ್ದ. ಹುಡುಗರು ಉಸಿರು ಬಿಗಿಹಿಡಿದು ಕೂತಿದ್ದರು. ಒಬ್ಬೊಬ್ಬನ ಕಿವಿಯೂ ಸ್ಪಷ್ಟ. ಅಲುಗಿದವಳು ಕಾಶವ್ವ ಒಬ್ಬಳೇ. ಕೈಯಲ್ಲಿ ಸೌಟು, ಮುಖವಿರಬೇಕಾದ ಕಡೆ ಒಂದು ಬಿಳಿಯ ಎಳೆ.

ಆ ಮುಖ ಹೇಗಿತ್ತೆಂದು ಗೆಳೆಯರು ನೆನಪಿಸಿಕೊಂಡರು. ಬರಲಿಲ್ಲ. ಹಸಿದ ಹುಡುಗರು ತಟ್ಟೆ ನೋಡುತ್ತಾರೆ. ಬಡಿಸುವವಳ ಮುಖ ನೋಡುವುದಿಲ್ಲ.

ಕಾಶವ್ವನ ತಂಗಿ ಇನ್ನೂ ಇದ್ದಳು. ತುಂಬ ವಯಸ್ಸಾಗಿತ್ತು. ನಾಲ್ವರೂ ಹೋಗಿ ಕಂಡರು. ಬೇರೆ ಫೋಟೋ ಇಲ್ಲ ಎಂದಳು.

“ಒಂದ್ ಮಾತ್ ಹೇಳ್ತೀನ್ ಕೇಳ್ರಪಾ,” ಎಂದಳು. “ಈಗೀಗ ಅಕ್ಕನ ಮಾರಿ ನನಗ ನೆನಪಿಗೆ ಬರವಲ್ದು. ದನಿ ಬರ್ತೈತಿ, ಮಾರಿ ಬರವಲ್ದು. ನೀವು ಏನ್ ತಂದ್ ತೋರಸ್ತೀರೋ, ಇನ್ ಮ್ಯಾಗ ಆಕೀನ ನನ್ ಅಕ್ಕ. ನೋಡ್ಕೊಂಡ್ ಮಾಡ್ರಿ.”

ಮಾತು ನಾಲ್ವರ ಕಿವಿಗೂ ಬಿತ್ತು. ಅದರ ಭಾರ ತಿಳಿದದ್ದು ಒಬ್ಬನಿಗೆ ಮಾತ್ರ.

ವ್ಯಾಪಾರಿ ವರ್ಷವರ್ಷವೂ ಹಣ ಕಟ್ಟುವ ತಂತ್ರಾಂಶದಲ್ಲಿ ಕೆಲಸ ಮಾಡಿದ. ಎಂಜಿನಿಯರ್ ಪುಕ್ಕಟೆಯದರಲ್ಲಿ ಮಾಡಿದ. ಅದನ್ನು ಹೊಂದಿಸಿಕೊಳ್ಳುವುದೇ ಅವನಿಗೆ ಹೆಮ್ಮೆ. ವಕೀಲ ಮೊಬೈಲಿನಲ್ಲಿಯೇ, ಕಕ್ಷಿದಾರನನ್ನು ಎದುರು ಕೂರಿಸಿಕೊಂಡು, ಮಾತಿನ ನಡುವೆ ಮುಗಿಸಿದ. ಮೂರು ತಂತ್ರಾಂಶಗಳೂ ಆ ಬಿಳಿಯ ಎಳೆಯ ಜಾಗದಲ್ಲಿ ಮುಖ ಬರೆದುಕೊಟ್ಟವು. ಕಣ್ಣು, ಮೂಗು, ಮುಗುಳ್ನಗೆ, ಹಣೆಯ ಸುಕ್ಕು, ಎಲ್ಲ ಸ್ಪಷ್ಟ. ಮೂರೂ ಚೆಂದ. ಮೂರೂ ಬೇರೆ ಬೇರೆ.

“ನನ್ನದರಾಗ ಮೂಗು ಬರೋಬ್ಬರಿ ಬಂದೈತಿ,” ಎಂದ ವ್ಯಾಪಾರಿ.

“ಲೇ, ಅದು ನಿಮ್ಮತ್ತೀ ಮೂಗು,” ಎಂದ ಎಂಜಿನಿಯರ್.

ಪಶುವೈದ್ಯನ ಬಳಿ ಇದ್ದದ್ದೂ ವ್ಯಾಪಾರಿಯ ತಂತ್ರಾಂಶವೇ. ಅವನು ಮುಖದಿಂದ ಆರಂಭಿಸಲಿಲ್ಲ. ಮೂಲ ಪ್ರತಿಯನ್ನು ಮುಟ್ಟದೆ ಬೇರೆ ಇಟ್ಟ. ಬೂಷ್ಟಿನ ಕಲೆ ತೆಗೆದ. ಮಡಿಕೆಯ ಗೆರೆ ತೆಗೆದ. ಓರೆಯಾದದ್ದನ್ನು ನೇರ ಮಾಡಿದ. ಆಮೇಲೆ ಕಪ್ಪಾಗಿದ್ದ ಮೂಲೆಯನ್ನು ಸ್ವಲ್ಪ ಸ್ವಲ್ಪವೇ ಬೆಳಗಿಸುತ್ತ ಹೋದ. ಇದೆಲ್ಲ ತಿದ್ದುವುದು.

ಮೂಲೆಯ ಕತ್ತಲೊಳಗಿಂದ ಒಬ್ಬ ಹುಡುಗ ಹೊರಬಂದ. ಅವನ ಮುಂದಿನ ತಟ್ಟೆ ಬರಿದಾಗಿತ್ತು. ಉಳಿದವರೆಲ್ಲ ಕ್ಯಾಮೆರಾ ನೋಡುತ್ತಿದ್ದರು. ಅವನು ತಟ್ಟೆ ನೋಡುತ್ತಿದ್ದ. ಕಾಶವ್ವನ ಸೌಟು ಹೊರಟದ್ದು ಆ ತಟ್ಟೆಯ ಕಡೆಗೆ.

ಆ ಹುಡುಗ ತಾನೇ ಎಂದು ಪಶುವೈದ್ಯನಿಗೆ ಗುರುತು ಸಿಕ್ಕಿತು. ನಿಲಯಕ್ಕೆ ಸೇರಿದ ಹೊಸದರಲ್ಲಿ ಅವನು ಮತ್ತೊಮ್ಮೆ ಕೇಳಿ ಹಾಕಿಸಿಕೊಳ್ಳಲು ನಾಚುತ್ತಿದ್ದ. ಕಾಶವ್ವ ಅವನು ಕೇಳುವವರೆಗೆ ಕಾಯುತ್ತಿರಲಿಲ್ಲ. ಬಂದು ಹಾಕಿ ಹೋಗುತ್ತಿದ್ದಳು.

ಗೆಳೆಯರು ಅವನ ಮನೆಗೆ ಬಂದು ಪರದೆ ನೋಡಿದರು.

“ಉಳಿದದ್ದೆಲ್ಲಾ ಛಂದ ಐತಿ. ಮಾರಿ ಎಲ್ಲಿ?” ಎಂದ ವ್ಯಾಪಾರಿ.

“ಇದರಾಗ ಇಲ್ಲ. ನಾ ಬರಿಯೂದಿಲ್ಲ,” ಎಂದ ಪಶುವೈದ್ಯ.

ವಕೀಲ ನಕ್ಕ. “ಎಮ್ಮಿ ಹಿಂದ ಚಂದ್ರನ್ನ ಬರಿಯೂವಾಗ ಈ ನಿಯಮ ಎಲ್ಲಿ ಹೋಗಿತ್ತರೀ ಡಾಕ್ಟರ್ ಸಾಹೇಬ್ರ?”

“ಚಂದ್ರ ನನಗ ಉಣ್ಣಾಕ ಹಾಕಿರಲಿಲ್ಲ,” ಎಂದ ಪಶುವೈದ್ಯ. “ಅಲುಗಬ್ಯಾಡ್ರಿ ಅಂದಾಗ ಆಕಿ ಒಬ್ಬಾಕಿ ನನ್ ಸಲುವಾಗಿ ನನ್ ತಾಟಿನ ಕಡೆ ಹೊಳ್ಳಿದ್ಲು. ಈಗ ಆಕೀನ್ನ ಹಿಡದು ನಿಲ್ಲಿಸಿದ್ರ, ನನ್ ತಾಟು ಖಾಲೀನ ಉಳೀತೈತಿ.”

ನಾಲ್ಕು ಪ್ರತಿಗಳನ್ನೂ ತಂಗಿಯ ಮುಂದೆ ಇಟ್ಟರು. ಅವಳು ಮೂರು ಮುಖಗಳನ್ನು ಬಹಳ ಹೊತ್ತು ನೋಡಿದಳು.

“ಇವರಾಗ ನಮ್ಮಕ್ಕ ಯಾವಾಕಿ?” ಎಂದಳು. “ನೀವ ಹೇಳ್ರಿ. ನಾ ಒಪ್ಕೋತೀನಿ.”

ಮೂವರಲ್ಲಿ ಒಬ್ಬನೂ ತನ್ನದರ ಕಡೆ ಬೆರಳು ತೋರಿಸಲಿಲ್ಲ. ಹೇಳಿದ್ದರೆ ಆಗಿಹೋಗುತ್ತಿತ್ತು. ಅವಳಿಗೆ ಆ ದಿನದಿಂದ ಒಬ್ಬ ಹೊಸ ಅಕ್ಕ ಇರುತ್ತಿದ್ದಳು.

ಆಮೇಲೆ ಅವಳು ನಾಲ್ಕನೆಯದನ್ನು ಎತ್ತಿಕೊಂಡಳು. ಸೌಟು ನೋಡಿದಳು. ಸೌಟು ಹೊರಟ ಕಡೆ ಬೆರಳು ಸಾಗಿಸಿ, ಬರಿ ತಟ್ಟೆಯ ಹತ್ತಿರ ನಿಲ್ಲಿಸಿದಳು. ನಕ್ಕಳು.

“ಹೂಂ. ನಿಂದ್ರು ಅಂದ್ರ ನಿಂದ್ರಾಕಿ ಅಲ್ಲಾ ಆಕಿ,” ಎಂದಳು.

ಮುಖ ಆಗಲೂ ಅವಳ ನೆನಪಿಗೆ ಬರಲಿಲ್ಲ. ಅದನ್ನೂ ಅವಳು ಹೇಳಿದಳು. ಆದರೆ ಆ ಜಾಗದಲ್ಲಿ ಬೇರೊಬ್ಬಳು ಬಂದು ಕೂರಲಿಲ್ಲ. ಎದ್ದು ಹೊರಡುವಾಗ ಮೂವರು ಗೆಳೆಯರೂ ತಮ್ಮ ತಮ್ಮ ಪ್ರತಿಯನ್ನು ಮಡಿಸಿ ಜೇಬಿಗೆ ಹಾಕಿಕೊಂಡರು. ಯಾರೂ ಅವರಿಗೆ ಹಾಗೆ ಮಾಡಿರೆಂದು ಹೇಳಲಿಲ್ಲ.

ಆ ಫೋಟೋ ಈಗಲೂ ಊಟದ ಮನೆಯಲ್ಲಿದೆ. ಹೊಸದಾಗಿ ಸೇರಿದ ಮಕ್ಕಳು, ಈ ಅಜ್ಜಿಗೆ ಮುಖ ಯಾಕಿಲ್ಲ ಎಂದು ಕೇಳುತ್ತಾರೆ. ಅಜ್ಜಿ ಬಡಿಸುತ್ತಿದ್ದಾಳೆ ಎಂದು ದೊಡ್ಡ ಹುಡುಗರು ಹೇಳುತ್ತಾರೆ. ಹೇಳಿ ಉಣ್ಣಲು ಕೂರುತ್ತಾರೆ.

ಗುರು ಇಲ್ಲಿಗೆ ನಿಲ್ಲಿಸಿದರು.

ಶಿಷ್ಯನ ಪ್ರಶ್ನೆ ಇನ್ನೂ ಅವನ ಬಳಿಯೇ ಇತ್ತು.

“ವ್ಯಾಪಾರಿಯ ಸಾಫ್ಟ್‌ವೇರೂ ಪಶುವೈದ್ಯನ ಸಾಫ್ಟ್‌ವೇರೂ ಒಂದೇ ಅಂದಿರಿ,” ಎಂದ. “ಅದರ ಹೆಸರು ಹೇಳಿ.”

“ಮೂಲ ಪ್ರತಿಯನ್ನು ಕೆಡಿಸದೆ ಉಳಿಸಿಕೊಡುವುದು ಯಾವುದಾದರೂ ಸರಿ,” ಎಂದರು ಗುರು. “ಒಂದನ್ನು ತೆಗೆದುಕೋ. ಕೈಗೆ ಹತ್ತುವವರೆಗೆ ಅದನ್ನೇ ಕಲಿ.”

“ಒಂದೇ ಆಗಿದ್ದರೂ ವ್ಯಾಪಾರಿಗೆ ಸುಳ್ಳು ಮುಖ ಸಿಕ್ಕಿತು, ಪಶುವೈದ್ಯನಿಗೆ ತನ್ನ ತಟ್ಟೆ ಸಿಕ್ಕಿತು. ಅದು ಹೇಗೆ? ವ್ಯಾಪಾರಿ ಮಾಡದ ಏನನ್ನು ಪಶುವೈದ್ಯ ಮಾಡಿದ?”

ಗುರು ಹೇಳಿದರು: “ಮುಖದ ಹತ್ತಿರ ಬಂದಾಗ ಅವನು ಮೌಸಿನ ಮೇಲಿಂದ ಕೈ ತೆಗೆದ.”