ನಡುಮಧ್ಯಾಹ್ನ ಎಣಿಸಿದ ಪೇಟೆ

ಒಂದು ಕಾಡಿನಲ್ಲಿ ಒಂದು ಪೇಟೆ ಇತ್ತು. ಸಿಂಹದ ರಾಜಧಾನಿಯಷ್ಟು ದೊಡ್ಡದಲ್ಲ, ನಾಲ್ಕು ಬಿಲಗಳ ಹಟ್ಟಿಯಷ್ಟು ಚಿಕ್ಕದೂ ಅಲ್ಲ. ನಡುಗಾತ್ರದ ಪೇಟೆ. ಅದರ ನಡುವೆ ಒಂದು ಹಳೆಯ ಅತ್ತಿಮರ, ಮರದ ಸುತ್ತ ಕಲ್ಲಿನ ಕಟ್ಟೆ. ಎಲ್ಲರೂ ಅದನ್ನು ಅತ್ತಿಕಟ್ಟೆ ಎನ್ನುತ್ತಿದ್ದರು. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಅಲ್ಲಿ ಸಂತೆ ಸೇರುತ್ತಿತ್ತು. ಕರಡಿ ಜೇನು ತರುತ್ತಿತ್ತು, ಹಂದಿ ಗೆಣಸು ಅಗೆದು ತರುತ್ತಿತ್ತು, ಆಮೆಯಜ್ಜ ಕೆರೆಯಿಂದ ತಾವರೆಗಡ್ಡೆ ತರುತ್ತಿದ್ದ. ತಮ್ಮಲ್ಲಿರುವುದನ್ನು ಕೊಟ್ಟು ತಮಗೆ ಬೇಕಾದುದನ್ನು ಒಯ್ಯುತ್ತಿದ್ದರು.

ಅತ್ತಿಮರದ ಎರಡು ಬೇರುಗಳ ನಡುವೆ ಕೆಂಚವ್ವ ಎಂಬ ಕಾಡುಕೋಳಿ ಕೂರುತ್ತಿದ್ದಳು. ಕಾಡುನವಣೆ ಕೆದಕಿ ತಂದು ಮಾರುವುದು ಅವಳ ಕಸುಬು. ಅವಳ ತಾಯಿ ಕೂತದ್ದೂ ಅದೇ ಬೇರುಗಳ ನಡುವೆ. ಅವಳಿಗೆ ಆರು ಮರಿಗಳು. ಕಟ್ಟೆಯ ಮೇಲೆ ಯಾರೂ ಯಾರನ್ನೂ ಬೇಟೆಯಾಡಬಾರದು ಎಂಬ ಕಟ್ಟಳೆ ಇತ್ತು. ಆದ್ದರಿಂದ ಆರು ಮರಿಗಳನ್ನು ಹಿಂದೆ ಬಿಟ್ಟುಕೊಂಡು ಒಂದು ಕೋಳಿ ನಿರ್ಭಯವಾಗಿ ಬದುಕು ಮಾಡಬಹುದಾದ ಜಾಗ ಇಡೀ ಕಾಡಿನಲ್ಲಿ ಅದೊಂದೇ ಆಗಿತ್ತು. ಆ ಜಾಗ ಹೋದರೆ ಅವಳ ಸಂಸಾರವೇ ಹೋದಂತೆ.

ಇನ್ನೊಂದು ಪದ್ಧತಿಯೂ ಇತ್ತು. ಅದನ್ನು ಇಲ್ಲೇ ಹೇಳಬೇಕು, ಏಕೆಂದರೆ ಮುಂದಿನ ಕೇಡೆಲ್ಲ ಅದರಿಂದಲೇ ಹುಟ್ಟಿತು. ಬೆಳಗಿನ ಸಂತೆ ಮುಗಿದ ಮೇಲೆ ಎಲ್ಲರೂ ತಮ್ಮ ಜಾಗ ಗುಡಿಸಿ, ಒಂದು ಕಾಳೂ ಬಿಡದೆ ಎತ್ತಿಕೊಂಡು ಹೋಗುತ್ತಿದ್ದರು. ಕಾಳು ಬಿದ್ದರೆ ಇರುವೆ ಬರುತ್ತದೆ, ಇರುವೆ ಬಂದರೆ ಸಂಜೆ ಕೂರಲು ಆಗುವುದಿಲ್ಲ. ನೆತ್ತಿ ಸುಡುವ ಹೊತ್ತಿನಲ್ಲಿ ಕಟ್ಟೆಯ ಮೇಲೆ ಒಂದು ನೊಣವೂ ಇರುತ್ತಿರಲಿಲ್ಲ.

ಪೇಟೆಯ ಯಜಮಾನ ಒಂದು ಮುದಿ ಆನೆ. ಒಳ್ಳೆಯದೇ, ಆದರೆ ಬೆಳಗಿನಿಂದ ಸಂಜೆಯವರೆಗೆ ಹೊಂಡದಲ್ಲಿ ಮಲಗಿರುತ್ತಿತ್ತು. ಪೇಟೆಯ ಅಭಿವೃದ್ಧಿಯ ಹೊಣೆಯನ್ನು ಅದು ಚತುರಪ್ಪ ಎಂಬ ನರಿಗೆ ಒಪ್ಪಿಸಿತ್ತು. ಅಭಿವೃದ್ಧಿ ಎಂದರೆ ಇರುವವರ ಬದುಕು ಇನ್ನಷ್ಟು ಚೆನ್ನಾಗುವುದು. ಹಾಗೆಂದೇ ಪೇಟೆಯವರು ತಿಳಿದಿದ್ದರು.

ಒಂದು ದಿನ ಚತುರಪ್ಪ ಸಂತೆಗೆ ಬಂದು ಎತ್ತರದ ಕಲ್ಲಿನ ಮೇಲೆ ನಿಂತ.

"ನಾಳೆ ಸಮೀಕ್ಷೆ ಇದೆ. ಅಂದರೆ ಪೇಟೆಯಲ್ಲಿ ಏನಿದೆ, ಏನಿಲ್ಲ ಅಂತ ಎಣಿಸಿ ಬರೆದುಕೊಳ್ಳುವುದು. ನಿಮಗೆ ಏನು ಬೇಕು, ಹೇಳಿ."

"ಹಳ್ಳಕ್ಕೆ ನಾಲ್ಕು ದಾಟುಗಲ್ಲು ಹಾಕಿಸಿಕೊಡು ಮಾರಾಯ," ಎಂದ ಆಮೆಯಜ್ಜ. "ಆಚೆ ದಡದ ಜಿಂಕೆಗಳೂ ಮೊಲಗಳೂ ಸಂತೆಗೆ ಬರುತ್ತವೆ. ಇಷ್ಟೇ. ಕೇಳಿ ಕೇಳಿ ನನ್ನ ಚಿಪ್ಪು ಸವೆಯಿತು."

"ಬರೆದುಕೊಂಡೆ ಅಜ್ಜ," ಎಂದ ನರಿ. ಬರೆದುಕೊಳ್ಳಲಿಲ್ಲ. "ನಾನು ಮಧ್ಯಾಹ್ನ ಬರುತ್ತೇನೆ. ಕಟ್ಟೆ ಚೊಕ್ಕಟವಾಗಿರಲಿ. ಅಡ್ಡಾಡಿಕೊಂಡು ಅಳತೆಗೆ ತೊಂದರೆ ಕೊಡಬೇಡಿ."

ಕೆಂಚವ್ವನಿಗೆ ಹಿಗ್ಗು. ಮರುದಿನ ಬೆಳಗಿನ ಸಂತೆ ಮುಗಿದ ಮೇಲೆ ಅವಳು ತನ್ನ ಜಾಗವನ್ನು ಮಾತ್ರವಲ್ಲ, ಇಡೀ ಕಟ್ಟೆಯನ್ನು ತನ್ನ ರೆಕ್ಕೆಯಿಂದಲೇ ಗುಡಿಸಿದಳು. ಮರಿಗಳ ಕಾಲಿನ ಗುರುತುಗಳನ್ನೂ ಅಳಿಸಿದಳು. ಆಮೇಲೆ ಎಲ್ಲರಂತೆ ಪೊದೆ ಸೇರಿದಳು.

ನೆತ್ತಿಯ ಮೇಲೆ ಸೂರ್ಯ ಇದ್ದಾಗ ಚತುರಪ್ಪ ಬಂದ. ಕಟ್ಟೆ ನೋಡಿದ, ನಕ್ಕ. ತೇಗದ ಎಲೆಯ ಮೇಲೆ ಉಗುರಿನಿಂದ ಗೀಚಿದ. ಯಾರೂ ಇಲ್ಲ. ಏನೂ ಮಾರುತ್ತಿಲ್ಲ. ಖಾಲಿ ಜಾಗ.

ಎರಡು ದಿನ ಕಳೆದ ಮೇಲೆ ಆ ಎಲೆ ಅತ್ತಿಮರಕ್ಕೆ ತೂಗುಬಿತ್ತು. ಅದರ ಮೇಲೆ ಆನೆಯ ಕೆಸರುಹೆಜ್ಜೆಯ ಮೊಹರು ಇತ್ತು. ಕಾಗೆ ಓದಿ ಹೇಳಿತು. ನಡುಮಧ್ಯಾಹ್ನ ಯಾರೂ ಇಲ್ಲದ ಜಾಗವೆಲ್ಲ ಖಾಲಿ ಜಾಗ ಎಂದು ಹೊಸ ನಿಯಮವಾಗಿದೆ. ಆದ್ದರಿಂದ ಅತ್ತಿಕಟ್ಟೆಯನ್ನು ಪಕ್ಕದ ಕಾಡಿನ ಕತ್ತೆಕಿರುಬನಿಗೆ ಕೊಡಲಾಗಿದೆ. ಅವನು ಅಲ್ಲಿ ಮಹಾಭಂಡಾರ ಕಟ್ಟುತ್ತಾನೆ. ಆಕ್ಷೇಪಣೆ ಇದ್ದವರು ಹುಣ್ಣಿಮೆಯ ದಿನ ಮಧ್ಯಾಹ್ನ ಯಜಮಾನರ ಬಯಲಿಗೆ ಬರಬೇಕು.

ಹಂದಿ ಮಣ್ಣನ್ನು ಒದೆಯಿತು. ಕೆಂಚವ್ವನಿಗೆ ಮೊದಲು ತನ್ನ ಮೇಲೆಯೇ ಸಿಟ್ಟು ಬಂತು. ತನ್ನ ಬದುಕಿನ ಗುರುತನ್ನು ತಾನೇ ಗುಡಿಸಿ ಹಾಕಿದ್ದಳಲ್ಲ. ಆಮೇಲೆ, ಗುಡಿಸು ಎಂದು ಹೇಳಿದವನ ಮೇಲೆ ಸಿಟ್ಟು ತಿರುಗಿತು. ಅವಳು ನೇರವಾಗಿ ನರಿಯ ಮುಂದೆ ಹೋಗಿ ನಿಂತಳು.

"ಚತುರಪ್ಪ, ನೀನು ದಿನಾ ಬೆಳಗ್ಗೆ ಈ ಕಟ್ಟೆಯಲ್ಲೇ ಜೇನು ನೆಕ್ಕುತ್ತೀಯ. ಖಾಲಿ ಅಂತ ಹೇಗೆ ಬರೆದೆ?"

"ಕಂಡದ್ದನ್ನು ಬರೆದೆ ಕೆಂಚವ್ವ. ಸಮೀಕ್ಷೆಯ ಹೊತ್ತಿನಲ್ಲಿ ನೀನೆಲ್ಲಿದ್ದೆ?"

"ನೀನೇ ಅಡ್ಡ ಬರಬೇಡ ಅಂದೆ."

"ನಾನು ನೂರು ಹೇಳುತ್ತೇನೆ. ಬರೆದದ್ದು ಮಾತ್ರ ಲೆಕ್ಕ." ನರಿ ಆಕಳಿಸಿದ. "ಯಾಕೆ ಕೊರಗುತ್ತೀಯ? ಭಂಡಾರ ಬಂದರೆ ಎಲ್ಲರಿಗೂ ಕೆಲಸ ಸಿಗುತ್ತದೆ."

"ನನಗೇನು ಕೆಲಸ?"

"ಚೆನ್ನಾಗಿ ಗುಡಿಸುತ್ತೀಯ. ಭಂಡಾರದ ಅಂಗಳ ಗುಡಿಸು."

"ಅಲ್ಲಿ ಬೇಟೆಯಾಡಬಾರದೆಂಬ ಕಟ್ಟಳೆ ಇರುತ್ತದೆಯೇ?"

"ಅದು ಕಟ್ಟೆಯ ಕಟ್ಟಳೆ. ಕಟ್ಟೆಯೇ ಇಲ್ಲದ ಮೇಲೆ..." ಎಂದು ನರಿ ಅವಳ ಮರಿಗಳ ಕಡೆ ನೋಡಿ ಬಾಯಿ ಸವರಿಕೊಂಡ.

ಕೆಂಚವ್ವನ ಗರಿಗಳೆಲ್ಲ ನೆಟ್ಟಗಾದವು. ಭಯಕ್ಕಲ್ಲ. ಇಷ್ಟು ಜನರ ಅನ್ನವನ್ನು ಒಂದು ಎಲೆಯ ಮೇಲೆ ಗೀಚಿ ಅಳಿಸಿದವನು ನಾಚಿಕೆಯೂ ಇಲ್ಲದೆ ಆಕಳಿಸುತ್ತಿದ್ದನಲ್ಲ, ಅದಕ್ಕೆ.

"ಹೋಗಲಿ ಬಿಡು ತಾಯಿ," ಎಂದ ಆಮೆಯಜ್ಜ. "ಮೊಹರು ಬಿದ್ದ ಮೇಲೆ ಏನು ಮಾಡಲಾದೀತು?"

"ಮೊಹರು ಬಿದ್ದಿರುವುದು ನಿಯಮಕ್ಕೆ ಅಜ್ಜ," ಎಂದಳು ಕೆಂಚವ್ವ. "ನಿಯಮ ಅಂದ ಮೇಲೆ ಅದು ಎಲ್ಲರಿಗೂ ಒಂದೇ ಅಲ್ಲವೇ?"

ಹುಣ್ಣಿಮೆಯ ದಿನ ಮಧ್ಯಾಹ್ನ ಸುಡುಬಿಸಿಲು. ಆ ಬಿಸಿಲಿಗೆ ಯಾರೂ ಬರಲಾರರೆಂದೇ ನರಿ ಆ ಹೊತ್ತನ್ನು ಆರಿಸಿದ್ದ. ಆದರೆ ಪೇಟೆಗೆ ಪೇಟೆಯೇ ಬಂದಿತ್ತು. ಆನೆ ಹೊಂಡದಿಂದ ಎದ್ದು ಬಂದು ಕಿವಿ ಬೀಸುತ್ತ ನಿಂತಿತ್ತು. ಪಕ್ಕದಲ್ಲಿ ಚತುರಪ್ಪ, ಅವನ ಹಿಂದೆ ಕತ್ತೆಕಿರುಬ.

"ಯಾರದು ಆಕ್ಷೇಪಣೆ?" ಎಂದಿತು ಆನೆ.

"ಆಕ್ಷೇಪಣೆ ಇಲ್ಲ ಯಜಮಾನರೇ. ನಿಯಮ ಸರಿಯಾಗಿ ನಡೆಯಲಿ ಅಂತ ಕೇಳಲು ಬಂದೆ," ಎಂದಳು ಕೆಂಚವ್ವ. "ಈಗ ನಡುಮಧ್ಯಾಹ್ನ. ತಮ್ಮ ಹೊಂಡದಲ್ಲಿ ಈಗ ಯಾರಿದ್ದಾರೆ?"

ಆನೆ ಹೊಂಡದ ಕಡೆ ತಿರುಗಿ ನೋಡಿತು. "ಯಾರೂ ಇಲ್ಲ. ನಾನು ಇಲ್ಲಿದ್ದೇನಲ್ಲ."

"ಹಾಗಾದರೆ ಅದು ಖಾಲಿ ಜಾಗ. ಯಾರಿಗೆ ಕೊಡುತ್ತೀರಿ? ಎಮ್ಮೆಗಳು ಬಹಳ ದಿನದಿಂದ ಕೇಳುತ್ತಿವೆ."

ಹಿಂದೆ ನಿಂತಿದ್ದ ಎಮ್ಮೆಗಳು ತಲೆಯಾಡಿಸಿದವು. ಆನೆ ಕಿವಿ ಬೀಸುವುದನ್ನು ನಿಲ್ಲಿಸಿತು.

"ಅದು ಹೇಗೆ ಖಾಲಿ? ನಾನು ಅಲ್ಲೇ ಬದುಕುವವನು."

"ನಾವೂ ಕಟ್ಟೆಯಲ್ಲೇ ಬದುಕುವವರು ಯಜಮಾನರೇ. ಬೆಳಗ್ಗೆ ಬಂದು ನೋಡಿದ್ದರೆ ಗೊತ್ತಾಗುತ್ತಿತ್ತು. ನೋಡದೆ ಕಾಲಿಟ್ಟಿರಿ, ಮೊಹರು ಬಿತ್ತು."

ಯಜಮಾನನಿಗೆ ಹಾಗೆ ಯಾರೂ ಹೇಳಿರಲಿಲ್ಲ. ಆನೆ ತನ್ನ ಕಾಲನ್ನೇ ನೋಡಿಕೊಂಡಿತು.

"ಇದೆಲ್ಲ ಬಾಯಿಮಾತು," ಎಂದ ನರಿ. "ನಿಯಮ ನಿಯಮವೇ."

"ಹೌದು, ನಿಯಮವೇ," ಎಂದಳು ಕೆಂಚವ್ವ. "ಚತುರಪ್ಪ, ನೀನು ಇಲ್ಲಿದ್ದೀಯ. ನಿನ್ನ ಗುಹೆಯಲ್ಲಿ ಈಗ ಯಾರಿದ್ದಾರೆ?"

ನರಿಯ ಬಾಲ ಕೆಳಗಿಳಿಯಿತು. "ನನ್ನ ಗುಹೆ ದೂರ. ಈ ಬಿಸಿಲಿನಲ್ಲಿ ಯಜಮಾನರಿಗೆ ಯಾಕೆ ಆಯಾಸ?"

"ನಡೆಯಿರಿ, ನೋಡೋಣ," ಎಂದಿತು ಆನೆ.

ಗುಹೆಯಲ್ಲಿ ಯಾರೂ ಇರಲಿಲ್ಲ. ಆದರೆ ಏನೂ ಇರಲಿಲ್ಲ ಎನ್ನುವಂತಿರಲಿಲ್ಲ. ಒಣಗಿಸಿದ ಮಾಂಸದ ರಾಶಿ ಮೇಲ್ಛಾವಣಿಯವರೆಗೆ ಇತ್ತು. ಪ್ರತಿಯೊಂದು ತುಂಡಿನ ಮೇಲೂ ಕತ್ತೆಕಿರುಬನ ಹಲ್ಲಿನ ಗುರುತು. ಕಟ್ಟೆಯನ್ನು ಕೊಡಿಸುವುದಕ್ಕೆ ನರಿ ಪಡೆದ ಲಂಚ ಅದು ಎಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಎಲ್ಲರೂ ತಿರುಗಿ ನೋಡುವಷ್ಟರಲ್ಲಿ ಕತ್ತೆಕಿರುಬ ತನ್ನ ಕಾಡಿನ ದಾರಿ ಹಿಡಿದಿದ್ದ.

"ಬರೆದದ್ದು ಮಾತ್ರ ಲೆಕ್ಕ ಅಂತ ನೀನೇ ಅಂದಿದ್ದೆ ಚತುರಪ್ಪ," ಎಂದಳು ಕೆಂಚವ್ವ.

ಆನೆ ಆ ತೇಗದ ಎಲೆಯನ್ನು ತರಿಸಿ ಎಲ್ಲರೆದುರು ಹರಿದು ಹಾಕಿತು. "ಎಲ್ಲರಿಗೂ ಈ ನಿಯಮ ರದ್ದು. ಚತುರಪ್ಪನಿಗೆ ಮಾತ್ರ ಇರಲಿ, ಬರೆದವನು ಅವನೇ ತಾನೇ? ಈ ಗುಹೆ ಖಾಲಿ. ಇನ್ನು ಮುಂದೆ ಇದು ಸಂತೆಯವರ ಉಗ್ರಾಣ. ಅಭಿವೃದ್ಧಿಯ ಹೊಣೆಯೂ ಅವನಿಗಿಲ್ಲ."

ಮರುದಿನ ಬೆಳಗ್ಗೆ ಆನೆ ತಾನೇ ಸಂತೆಗೆ ಬಂತು. ಕೆಂಚವ್ವನ ಎರಡು ಬೇರುಗಳ ಪಕ್ಕದಲ್ಲಿ ನಿಂತು ಒಬ್ಬೊಬ್ಬರನ್ನೂ ಎಣಿಸಿತು, ಆರು ಮರಿಗಳನ್ನೂ ಬಿಡಲಿಲ್ಲ. ಆಮೇಲೆ ಹಳ್ಳಕ್ಕೆ ಹೋಗಿ ಸೊಂಡಿಲಿನಿಂದ ನಾಲ್ಕು ದಾಟುಗಲ್ಲು ಇಟ್ಟಿತು. ಅದಕ್ಕೆ ಹಿಡಿದದ್ದು ಅರ್ಧ ಗಳಿಗೆ. ಅಷ್ಟು ಸಣ್ಣ ಕೆಲಸಕ್ಕೆ ಅಷ್ಟು ವರ್ಷ ಕೇಳುವಂತೆ ಮಾಡಿದ್ದರಲ್ಲ ಎಂದು ಆಮೆಯಜ್ಜನಿಗೆ ಸಂತೋಷಕ್ಕಿಂತ ಸಿಟ್ಟೇ ಹೆಚ್ಚು ಬಂತು.

ಚತುರಪ್ಪ ದೂರದ ಬೋಳುಗುಡ್ಡದಲ್ಲಿ ಹೊಸ ಬಿಲ ತೋಡಿಕೊಂಡ. ಮಧ್ಯಾಹ್ನವಾದರೆ ಸಾಕು, ಅದೂ ಖಾಲಿಯಾಗಿ ಹೋದೀತೆಂದು ಉರಿಬಿಸಿಲಿನಲ್ಲಿ ಅದರ ಬಾಗಿಲಲ್ಲೇ ನಾಲಗೆ ಚಾಚಿಕೊಂಡು ಕೂರುತ್ತಿದ್ದ.

ನೀತಿ: ಊರಿನ ಏಳಿಗೆಯ ಯೋಜನೆ ಮಾಡುವವರು ಮೊದಲು ಅಲ್ಲಿ ಬದುಕುವವರನ್ನು ಅವರು ದುಡಿಯುವ ಹೊತ್ತಿನಲ್ಲಿ ಹೋಗಿ ನೋಡಬೇಕು, ಪರರ ಬದುಕನ್ನು ಇಲ್ಲವೆಂದು ಬರೆಯುವವನ ನೆಲೆ ಅದೇ ಬರಹದಿಂದ ಅಳಿಯುತ್ತದೆ.